ಬೀರಲಿಂಗಣ್ಣನ ಬೋಣಿ

ಆ ಸೋಮವಾರ ನಮ್ಮ ಹೋಟೆಲಿನಲ್ಲಿ ಹತ್ತು ಗಂಟೆಗೆ ಇಡ್ಲಿ ಮುಗಿಯಿತು. ಹತ್ತೂವರೆಗೆ ದೋಸೆ ಹಿಟ್ಟು ಮುಗಿಯಿತು. ಹನ್ನೊಂದಕ್ಕೆ, ಚಟ್ನಿಗೆ ಕಾಯಿ ಇಲ್ಲ ಎಂದು ನಮ್ಮಕ್ಕ ರೂಪ ಅಡುಗೆಮನೆಯಿಂದ ಕೂಗಿದಳು. ಅಪ್ಪ ಹೋದ ಮೇಲಿನ ಎರಡು ವರ್ಷಗಳಲ್ಲಿ ನಾವು ಅಂಥದೊಂದು ಕೂಗು ಕೇಳಿರಲಿಲ್ಲ. ಗಲ್ಲಾದಲ್ಲಿ ಕೂತಿದ್ದ ಅಣ್ಣ ರುದ್ರಮುನಿ, ಯಾರೋ ದೊಡ್ಡವರು ಒಳಗೆ ಬಂದರೆಂಬಂತೆ ಎದ್ದು ನಿಂತ.

"ಇವತ್ತು ಬೋಣಿ ಯಾರ್ದೋ?"

"ಬೀರಲಿಂಗಣ್ಣಂದು," ಎಂದೆ. "ಎರಡು ಇಡ್ಲಿ, ಒಂದು ಚಾ."

"ಅದಕ್ಕೇ ಮತ್ತೆ!" ಅಣ್ಣ ಮೇಜಿಗೆ ಗುದ್ದಿದ. "ಎಂಥ ಕೈಗುಣ ನೋಡು ಆ ಮನುಷ್ಯಂದು!"

ಅದೇ ದಿನ ನ್ಯಾಮತಿಯ ತಾಲ್ಲೂಕು ಕಚೇರಿಯಲ್ಲಿ ಪಿಂಚಣಿ ಅದಾಲತ್ ಇತ್ತು. ಸುತ್ತಲಿನ ಹಳ್ಳಿಗಳಿಂದ ಮುದುಕರು, ಮುದುಕಿಯರು, ಅವರನ್ನು ಕರೆತಂದ ಮೊಮ್ಮಕ್ಕಳು, ಎಲ್ಲ ಸೇರಿ ಮುನ್ನೂರು ಜನ ಬಂದಿದ್ದರು. ಎದುರಿನ ಹೊಸ ಹೋಟೆಲಿನಲ್ಲಿ ಜಾಗ ಸಾಲದೆ ಉಳಿದವರು ನಮ್ಮಲ್ಲಿಗೆ ನುಗ್ಗಿದ್ದರು. ಬಸ್ ನಿಲ್ದಾಣದ ಗೇಟಿಗೆ ಕಟ್ಟಿದ್ದ ಬ್ಯಾನರನ್ನು ನಾನು ಮೂರು ದಿನದಿಂದ ಓದುತ್ತಿದ್ದೆ. ಅಷ್ಟನ್ನು ಅಣ್ಣನಿಗೆ ಹೇಳುವುದು ಒಂದು ವಾಕ್ಯದ ಕೆಲಸ. ಆದರೆ ಅವನ ಮುಖ ಅಷ್ಟು ಅರಳಿದ್ದನ್ನು ನೋಡಿ ಬಹಳ ದಿನವಾಗಿತ್ತು. ನಾನು ಮೇಜು ಒರೆಸಲು ಹೋದೆ.

ಶಂಕರಘಟ್ಟದಲ್ಲಿ ಎಂಎ ಮುಗಿಸಿ ಬಂದವನು ನಾನು. ಮನೆಯಲ್ಲಿ ನನ್ನ ಓದಿಗೆ ದೊಡ್ಡ ಗೌರವವಿತ್ತು. ನಾನು ಮಾತಾಡದಿದ್ದರೆ ಏನೋ ಆಳವಾಗಿ ಯೋಚಿಸುತ್ತಿದ್ದೇನೆ ಎಂದು ತಿಳಿಯುತ್ತಿದ್ದರು. ಮೌನಕ್ಕೆ ಇಷ್ಟು ಸುಲಭದ ಮರ್ಯಾದೆ ಸಿಗುವ ಮನೆಯಲ್ಲಿ ಬೆಳೆದವನು ಬಾಯಿ ಬಿಡುವುದನ್ನು ಕಲಿಯುವುದು ಕಷ್ಟ.

ನಮ್ಮ ಹೋಟೆಲು ಉಳಿಯಲೇಬೇಕಿತ್ತು. ಅಣ್ಣನಿಗೂ ನನಗೂ ಬೇರೆ ಏನಾದರೂ ದಾರಿ ಸಿಗುತ್ತಿತ್ತು. ಅಕ್ಕನಿಗೆ ಇರಲಿಲ್ಲ. ಅವಳು ನಾಲ್ಕು ವರ್ಷದ ಹಿಂದೆ ಜಗಳೂರಿನ ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದು ಬಂದಿದ್ದಳು. ಬಸ್ಸಿಳಿದವಳು ಮನೆಗೆ ಹೋಗದೆ ನೇರ ಹೋಟೆಲಿಗೆ ಬಂದು, ಬ್ಯಾಗನ್ನು ಅಕ್ಕಿ ಮೂಟೆಯ ಮೇಲಿಟ್ಟು, ಕಾದ ಕಾವಲಿಯ ಮುಂದೆ ನಿಂತಳು. ಮೂರು ಮಸಾಲೆ ದೋಸೆ ಹೇಳಿದವರು ಕಾಯುತ್ತಿದ್ದರು. ಹಾಗಾಗಿ ಅಪ್ಪ ಏನೂ ಕೇಳಲಿಲ್ಲ. ಮರುದಿನವೂ ಗಿರಾಕಿಗಳು ಇದ್ದರು, ಮರುದಿನವೂ ಯಾರೂ ಕೇಳಲಿಲ್ಲ. ಅಪ್ಪ ಹೋದ ಮೇಲೆ ಚಿಕ್ಕಪ್ಪ ಮಾತ್ರ ಒಮ್ಮೆ ಎಲ್ಲರ ಮುಂದೆ ಹೇಳಿದ್ದರು: "ಹೋಟ್ಲು ನಡೀತೈತೆ ಅಂತ ಸುಮ್ಕಿದೀವಮ್ಮ. ಇದಕ್ಕೆ ಬೀಗ ಬಿದ್ದ ದಿನ ನಾನೇ ನಿನ್ನ ಜಗಳೂರಿಗೆ ಬಿಟ್ಟು ಬರ್ತೀನಿ." ಅಕ್ಕ ಅದಕ್ಕೆ ಉತ್ತರವಾಗಿ ಅವರಿಗೆ ಇನ್ನೊಂದು ವಡೆ ಹಾಕಿದ್ದಳು.

ಈಗ ಮಳಿಗೆಯ ಮಾಲೀಕ ವಿರೂಪಾಕ್ಷಪ್ಪನವರೂ ಗಡುವು ಕೊಟ್ಟಿದ್ದರು. ಅಡಿಕೆ ವ್ಯಾಪಾರದ ಮೆತ್ತಗಿನ ಮನುಷ್ಯ. "ದೀಪಾವಳಿ ತನಕ ನೋಡ್ತೀನ್ರಪ್ಪ. ಖಾಲಿ ಕುರ್ಚಿ ಕಾಯಾಕೆ ಮಳಿಗೆ ಯಾಕೆ ಬೇಕು? ಮೊಬೈಲ್ ಅಂಗಡಿಯೋರು ಕೇಳ್ತಾ ಅದಾರೆ. ಜನ ಕಂಡ್ರೆ ನೀವೇ ಇರ್ರಿ, ಇಲ್ಲಂದ್ರೆ ಬಿಡ್ರಿ."

ಹೀಗಿರುವಾಗ ಅಣ್ಣನಿಗೆ ಬೀರಲಿಂಗಣ್ಣ ಸಿಕ್ಕರು.

ಬೀರಲಿಂಗಣ್ಣ ಪಶು ಆಸ್ಪತ್ರೆಯಲ್ಲಿ ಜವಾನರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಗಳು ಹೊನ್ನಾಳಿಯಲ್ಲಿದ್ದಳು. ಬಿಳಿ ಅಂಗಿ, ಮಡಚಿ ಕಟ್ಟಿದ ಪಂಚೆ. ಅವರ ಮಾತು ಎಷ್ಟು ಕಡಿಮೆಯೆಂದರೆ, ಅವರ ಮುಂದೆ ನನ್ನಂಥವನೂ ವಾಚಾಳಿ. ಮಂಗಳವಾರ ಬೆಳಗ್ಗೆ ಅವರು ಏಳೂವರೆಗೆ ಬಂದರು. ಅಷ್ಟರೊಳಗೆ ಟೆಂಪೊ ಓಡಿಸುವ ತಿಪ್ಪೇಶ ಮೂರು ಇಡ್ಲಿ ತಿಂದು ಹೋಗಿದ್ದ. ಆ ದಿನ ವ್ಯಾಪಾರ ಬಿದ್ದುಹೋಯಿತು. ಅಣ್ಣನಿಗೆ ಇನ್ನು ಯಾವ ಪುರಾವೆಯೂ ಬೇಕಾಗಲಿಲ್ಲ.

ಬುಧವಾರದಿಂದ ಹೊಸ ನಿಯಮ ಬಂತು. ಬೀರಲಿಂಗಣ್ಣ ತಿನ್ನುವ ತನಕ ಯಾರಿಗೂ ಒಂದು ತುತ್ತೂ ಇಲ್ಲ.

"ಏನ್ ರುದ್ರಣ್ಣ, ಇಡ್ಲಿ ಆಗಿಲ್ವಾ?" ಎಂದು ತಿಪ್ಪೇಶ ಬಾಗಿಲಲ್ಲೇ ಕೇಳಿದ.

"ಆಗೈತೆ."

"ಮತ್ತೆ ಹಾಕು."

"ಬೋಣಿ ಆಗಿಲ್ಲ."

"ನಾನು ಬಂದೀನಲ್ಲಪ್ಪ, ನಂದೇ ಬೋಣಿ."

"ನಿಂದು ಬ್ಯಾಡ," ಎಂದ ಅಣ್ಣ. "ನಿನ್ನೆ ನೋಡೀನಿ ನಿನ್ನ ಕೈನ."

ತಿಪ್ಪೇಶ ತನ್ನ ಅಂಗೈಯನ್ನು ತಿರುವಿ ಮುರುವಿ ನೋಡಿಕೊಂಡ. "ನೋಡ್ರಪ್ಪ, ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ಹಿಡಿದ ಕೈ. ಒಂದು ನಾಯಿನೂ ಸತ್ತಿಲ್ಲ. ಈ ಕೈಯಿಂದ ಇವರ ಹೋಟ್ಲು ಸಾಯ್ತೈತಂತೆ!" ಜನ ನಕ್ಕರು. ನಕ್ಕು, ಸ್ವಲ್ಪ ಹೊತ್ತು ಕಾದು, ಎದುರು ಹೋಟೆಲಿಗೆ ಹೋದರು.

ಒಲೆಯ ಮೇಲೆ ಇಡ್ಲಿ ಬೇಯುತ್ತ, ಸಾಂಬಾರು ಕುದಿಯುತ್ತ, ಕುರ್ಚಿಗಳು ಸಾಲಾಗಿ ಇದ್ದು, ಬಾಗಿಲು ತೆರೆದಿದ್ದೂ ಯಾರೂ ತಿನ್ನದ ಹೋಟೆಲಿನಲ್ಲಿ ಒಂದು ಬಗೆಯ ನಿಶ್ಶಬ್ದವಿರುತ್ತದೆ. ಮುಚ್ಚಿದ ಹೋಟೆಲಿನದಕ್ಕಿಂತ ಅದು ಭಾರ. ನಾನು ಅದನ್ನು ಕೇಳುತ್ತ ನಿಲ್ಲುತ್ತಿದ್ದೆ. ಅಕ್ಕ ಅಡುಗೆಮನೆಯ ಕಿಂಡಿಯಿಂದ ನನ್ನನ್ನೇ ನೋಡುತ್ತಿದ್ದಳು.

ಬೀರಲಿಂಗಣ್ಣ ಬೇಗ ಬರಲೆಂದು ಅಣ್ಣ ಬೈಕು ಕಳಿಸಿದ. ಬೈಕು ಎಂದರೆ ನಾನೇ. ಅವರು ಒಂದು ಮಾತೂ ಆಡದೆ ಹಿಂದೆ ಕೂರುತ್ತಿದ್ದರು. ಹೋಟೆಲಿನ ಮುಂದೆ ಹಸಿದವರು ಎರಡು ಸಾಲಾಗಿ ದಾರಿ ಬಿಡುತ್ತಿದ್ದರು. ಅವರು ತಲೆ ತಗ್ಗಿಸಿ ಒಳಗೆ ಹೋಗಿ, ಇಪ್ಪತ್ತು ಮೂವತ್ತು ಕಣ್ಣುಗಳ ಎದುರು, ಮೊದಲ ತುಣುಕು ಮುರಿಯುತ್ತಿದ್ದರು. ಅವರ ಗಂಟಲು ಮೇಲೆ ಕೆಳಗೆ ಆಡುವುದನ್ನೇ ಎಲ್ಲರೂ ನೋಡುತ್ತಿದ್ದರು. "ನುಂಗಿದ್ರು!" ಎಂದು ತಿಪ್ಪೇಶ ಕೂಗಿದ ಮೇಲೆ ತಟ್ಟೆಗಳು ಹೊರಬರುತ್ತಿದ್ದವು.

ಆಮೇಲೆ ಅವರ ಆರೋಗ್ಯ ನಮ್ಮ ಹೊಣೆಯಾಯಿತು. ಅವರಿಗೆ ಬಿಪಿ ಇದೆ ಎಂದು ತಿಳಿದ ದಿನ ಅಣ್ಣ ಇಡ್ಲಿಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿದ. "ಅವರಿಗೊಂದು ಬ್ಯಾರೆ, ಊರಿಗೊಂದು ಬ್ಯಾರೆ ಮಾಡಬಾರ್ದು. ಒಂದೇ ಹಿಟ್ಟಿಂದು ತಿಂದ್ರೇನೇ ಬೋಣಿ," ಎಂದ. ಖಾರ ಅವರಿಗೆ ಆಗುವುದಿಲ್ಲವೆಂದು ಚಟ್ನಿಯಿಂದ ಮೆಣಸಿನಕಾಯಿ ಹೋಯಿತು. ಸಕ್ಕರೆ ಕಾಯಿಲೆ ಇನ್ನೂ ಇಲ್ಲವಾದರೂ ಬಂದರೆ ಕಷ್ಟವೆಂದು ಚಾಕ್ಕೆ ಸಕ್ಕರೆ ನಿಂತಿತು. ಒಂದು ತಿಂಗಳಲ್ಲಿ ನಮ್ಮ ಹೋಟೆಲಿನ ತಿಂಡಿ ಆಸ್ಪತ್ರೆಯ ವಾರ್ಡಿನದರ ಹಾಗೆ ಆಯಿತು. ಜನ ಇನ್ನೂ ಕಡಿಮೆಯಾದರು. ಬೋಣಿ ಇನ್ನೂ ಬೇಗ ಆಗಬೇಕು ಎಂದು ಅಣ್ಣ ತೀರ್ಮಾನಿಸಿದ.

ಒಂದು ಬೆಳಗ್ಗೆ ಎದುರು ಹೋಟೆಲಿನವರು ಆಟೊ ಕಳಿಸಿ ಬೀರಲಿಂಗಣ್ಣನನ್ನು ಅರ್ಧ ದಾರಿಯಲ್ಲೇ ಹತ್ತಿಸಿಕೊಂಡರು. ಅಣ್ಣ ಓಡಿಹೋಗಿ ಆಟೊದ ಮುಂದೆ ಅಡ್ಡ ನಿಂತ. ಆಚೆ ಹೋಟೆಲಿನವರು ಒಂದು ಕೈ, ಈಚೆ ನಮ್ಮಣ್ಣ ಒಂದು ಕೈ ಹಿಡಿದು ಎಳೆದರು. ನಡುವೆ ಆ ವೃದ್ಧರು ತಮ್ಮ ಎರಡೂ ಕೈಗಳನ್ನು ಅವರಿಗೇ ಬಿಟ್ಟುಕೊಟ್ಟು ಆಕಾಶ ನೋಡುತ್ತಿದ್ದರು. ಕೊನೆಗೆ ಎದುರು ಹೋಟೆಲಿನವರೇ ಗೆದ್ದರು. ಆದರೆ ಆ ದಿನ ಅವರ ಗ್ಯಾಸ್ ಸಿಲಿಂಡರ್ ಎಂಟು ಗಂಟೆಗೇ ಖಾಲಿಯಾಯಿತು. "ನೋಡಿದ್ಯಾ? ಆ ಕೈಗುಣ ನಮಗಷ್ಟೇ ಹತ್ತೈತೆ," ಎಂದ ಅಣ್ಣ. ಎದುರಿನವರು ಬೀರಲಿಂಗಣ್ಣನ ಆಸೆ ಬಿಟ್ಟು, ಕೆರೆಬಿಳಚಿಯಿಂದ ತಮ್ಮದೇ ಒಬ್ಬ ಬೋಣಿಯವನನ್ನು ತರಿಸಿದರು. ದಪ್ಪ ಮೀಸೆಯ ಆಸಾಮಿ. ಬೋಣಿಗೆಂದು ಹನ್ನೊಂದು ದೋಸೆ ತಿನ್ನುತ್ತಿದ್ದ. ನಾಲ್ಕನೇ ದಿನಕ್ಕೆ ಅವರೇ ಅವನನ್ನು ಬಸ್ಸು ಹತ್ತಿಸಿ ಬಂದರು.

ದೀಪಾವಳಿ ಹತ್ತಿರವಾದಾಗ ಬೀರಲಿಂಗಣ್ಣ ಹೇಳದೆ ಕೇಳದೆ ಹೊನ್ನಾಳಿಯ ಮಗಳ ಮನೆಗೆ ಹೋದರು. ಅಣ್ಣ ಬಿಸಿ ಇಡ್ಲಿಯನ್ನು ಡಬ್ಬಿಗೆ ತುಂಬಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟ. ಅವರು ತಿಂದ ಕೂಡಲೇ ಅಕ್ಕನಿಗೆ ಫೋನ್ ಮಾಡುವುದು, ಆಗ ಅವಳು ಇಲ್ಲಿ ಜನಕ್ಕೆ ಬಡಿಸುವುದು ಎಂದು ಮಾತಾಗಿತ್ತು. ದಾರಿಯ ಎರಡೂ ಬದಿ ಒಣಹಾಕಿದ ಮೆಕ್ಕೆಜೋಳ ಹಳದಿಯಾಗಿ ಹರಡಿತ್ತು. ಅಣ್ಣನ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿಗೆ ಮಾತಾಡುವುದು ಸುಲಭ.

"ಅಣ್ಣ," ಎಂದೆ. "ಆ ಸೋಮವಾರ ಪಿಂಚಣಿ ಅದಾಲತ್ ಇತ್ತು. ಅದಕ್ಕೆ ಜನ ಬಂದಿದ್ದು."

ಅವನು ಗೇರು ಬದಲಿಸಿದ. ಒಂದು ಲಾರಿಯನ್ನು ಮುಂದೆ ಬಿಟ್ಟ.

"ಗೊತ್ತು."

"ಗೊತ್ತಾ?"

"ಬ್ಯಾನರ್ ನಾನೂ ಓದೀನಿ."

"ಮತ್ತೆ ಇದೆಲ್ಲ ಯಾಕೆ?"

"ಅದಾಲತ್ ಮಾಡಾಕೆ ನನಗೆ ಬರ್ತೈತೇನೋ?" ಎಂದ, ತಿರುಗದೆ. "ಬೀರಣ್ಣನ್ನ ಕರ್ಕಂಬರಾಕೆ ಬರ್ತೈತೆ. ಏನಾದ್ರೂ ಒಂದು ಮಾಡ್ಬೇಕಲ್ಲ. ಅಕ್ಕ ದಿನಾ ಬೆಳಗ್ಗೆ ನನ್ ಮುಖ ನೋಡ್ತಾಳೆ."

ನಾನು ಆಳವಾದುದು ಎಂದುಕೊಂಡಿದ್ದ ನನ್ನ ಮೌನ ಅವನದರ ಮುಂದೆ ಬರೀ ಸೋಮಾರಿತನದ ಹಾಗೆ ಕಂಡಿತು.

ಮಗಳ ಮನೆಯಲ್ಲಿ ಬೀರಲಿಂಗಣ್ಣ ಡಬ್ಬಿಯನ್ನು ನೋಡಿದರು, ನಮ್ಮನ್ನು ನೋಡಿದರು. ಮಗಳು ಲಕ್ಷ್ಮಿದೇವಿ ಒಳಗಿಂದ ಬಂದು, "ಇದೇನ್ರಿ ನಿಮ್ಮ ಕಾಟ? ನಮ್ಮಪ್ಪನ್ನ ಬಾಡಿಗೆಗೆ ತಗಂಡೀರೇನು?" ಎಂದು ಗದರಿದಳು. ಅವರು ಕೈಯೆತ್ತಿ ಅವಳನ್ನು ತಡೆದರು. "ನಾಳೆ ನಾನೇ ಬರ್ತೀನಿ, ಹೋಗ್ರಿ," ಎಂದರು. ಇಡ್ಲಿ ಮುಟ್ಟಲಿಲ್ಲ. ಆ ದಿನ ನಮ್ಮ ಹೋಟೆಲಿನಲ್ಲಿ ಯಾರೂ ಏನೂ ತಿನ್ನಲಿಲ್ಲ.

ಮರುದಿನ ಹಬ್ಬದ ಹಿಂದಿನ ಸಂತೆಯ ಜನ. ಎದುರು ಹೋಟೆಲಿನವರು ಊರಿಗೆ ಹೋಗಿ ಬಾಗಿಲು ಹಾಕಿದ್ದರು. ಎಂಟು ಗಂಟೆಗೆ ನಮ್ಮ ಮುಂದೆ ನಲವತ್ತು ಜನ ನಿಂತಿದ್ದರು. ಅವರ ಹಿಂದೆ, ಕೊಡೆ ಊರಿಕೊಂಡು, ವಿರೂಪಾಕ್ಷಪ್ಪನವರೂ ಬಂದು ನಿಂತರು. ಗಡುವಿನ ದಿನ ಅವರು ಮರೆತಿರಲಿಲ್ಲ. ಅಣ್ಣ ಬಾಗಿಲಿಗೆ ಅಡ್ಡವಾಗಿ ಒಂದು ಬೆಂಚು ಇಟ್ಟು ಅದರ ಹಿಂದೆ ನಿಂತಿದ್ದ. ಮುಂದಿನ ಸಾಲಿನಲ್ಲಿ ಅಜ್ಜಮ್ಮ ಎಂಬ ಮುದುಕಿ, ಹಳ್ಳಿಯಿಂದ ಸೊಪ್ಪು ಮಾರಲು ಬಂದವಳು, ಕೋಲು ಕುಟ್ಟುತ್ತಿದ್ದಳು.

"ಯಪ್ಪಾ, ಒಳಗೆ ಇಡ್ಲಿ ವಾಸ್ನೆ ಬರ್ತೈತೆ. ಹೆಣ ಇಟ್ಕಂಡೋರ ಥರ ಬಾಗ್ಲಾಗೆ ಯಾಕೆ ನಿಂತೀಯೋ?"

"ಬಂದ್ರು ಅಜ್ಜಿ, ಇನ್ನೇನು ಬಂದ್ರು."

ಬೀರಲಿಂಗಣ್ಣ ಬಂದರು. ಹೊನ್ನಾಳಿ ಬಸ್ಸಿಳಿದು ನಡೆದೇ ಬಂದರು. ಜನ ದಾರಿ ಬಿಟ್ಟರು. ಆದರೆ ಅವರು ಆ ದಾರಿಯಲ್ಲಿ ನಡೆಯದೆ, ಅಜ್ಜಮ್ಮನ ಹಿಂದೆ ಸಾಲಿನಲ್ಲಿ ನಿಂತರು.

"ಬರ್ರಿ ಬೀರಣ್ಣ, ಒಳಗೆ ಬರ್ರಿ," ಎಂದ ಅಣ್ಣ.

"ನಾನು ಮೊದ್ಲು ತಿನ್ನಲ್ಲ."

ಅವರ ದನಿಯನ್ನು ಮೊದಲ ಸಲ ಕೇಳಿದವರೇ ಅಲ್ಲಿ ಹೆಚ್ಚು.

"ರುದ್ರಪ್ಪಾರೆ," ಎಂದರು ಬೀರಲಿಂಗಣ್ಣ, ಯಾರಿಗೂ ನೋವಾಗಬಾರದೆಂಬಂತೆ ಮೆಲ್ಲಗೆ. "ನಾನು ಸಣ್ಣ ವಯಸ್ಸಿನಾಗೆ ಈ ಹೋಟ್ಲಿಗೆ ಬರ್ತಿದ್ದೆ. ಆ ಗ್ವಾಡೆ ಐತಲ್ಲ, ಅಲ್ಲಿ ಹೊರಗೆ ಒಂದು ಗೂಡಿತ್ತು. ಅದರಾಗೆ ನಮ್ಮ ಲೋಟ ಇರೋದು. ಒಳಗಿನೋರದು ಎಲ್ಲಾ ಆದಮ್ಯಾಲೆ ನಿಮ್ಮಪ್ಪಾರು ಮ್ಯಾಲಿಂದ ಚಾ ಹೊಯ್ಯೋರು. ಕುಡಿದು, ತೊಳೆದು, ಅಲ್ಲೇ ಇಟ್ಟು ಹೋಗ್ತಿದ್ದೆ. ಆಗ ಎಲ್ರದೂ ಆದಮ್ಯಾಲೆ ನಂದು. ಈಗ ನಂದು ಆದಮ್ಯಾಲೆ ಎಲ್ರದು. ಆಗ್ಲೂ ನಾನೊಬ್ನೇ, ಈಗ್ಲೂ ನಾನೊಬ್ನೇ. ನಲವತ್ತು ಜನ ಹಸಿದು ನೋಡ್ತಿದ್ರೆ ನನಗೆ ಗಂಟಲಾಗೆ ಇಳಿಯಲ್ರಿ. ಎಲ್ರ ಜೊತೆ ಕೂತು ತಿನ್ನಾಕೆ ಬಿಡ್ರಿ. ಇಲ್ಲಾಂದ್ರೆ ಬ್ಯಾಡ."

ಆ ಗೂಡು ನನಗೆ ಗೊತ್ತಿತ್ತು. ಅದು ದೀಪ ಇಡಲು ಮಾಡಿದ್ದೆಂದು ಚಿಕ್ಕವನಿದ್ದಾಗ ಅಪ್ಪ ಹೇಳಿದ್ದರು. ಅವರು ಒಂದು ಗಳಿಗೆ ತಡೆದು ಆ ಮಾತು ಹೇಳಿದ್ದೂ ನೆನಪಿದೆ. ಆ ತಡೆದದ್ದರಲ್ಲಿ ಏನಿತ್ತೆಂದು ನಾನು ಎಂದೂ ಯೋಚಿಸಿರಲಿಲ್ಲ.

ಅಣ್ಣನ ಮುಖ ಬಿಳಿಚಿತು. ಆದರೆ ಹೋಟೆಲು ಹೋಗುವ ಭಯ ಅದಕ್ಕಿಂತ ದೊಡ್ಡದು. ಅವನು ಬೆಂಚಿನಿಂದ ಕೈ ತೆಗೆಯಲಿಲ್ಲ. "ಬೀರಣ್ಣ, ತಪ್ಪಾತು. ನಿಮ್ಮ ಕಾಲಿಗೆ ಬೀಳ್ತೀನಿ. ಆದ್ರೆ ಇವತ್ತೊಂದಿನ ಮೊದ್ಲು ತಿನ್ರಿ. ಇವತ್ತು ಬೋಣಿ ಕೆಟ್ರೆ ನಮ್ಮಕ್ಕ..." ಎಂದು ಅಲ್ಲಿಗೇ ನಿಲ್ಲಿಸಿದ.

ಬೀರಲಿಂಗಣ್ಣ ಒಲ್ಲೆನೆಂದು ತಲೆಯಾಡಿಸಿದರು. ನಲವತ್ತು ಜನ ಹಸಿದು ನಿಂತಿದ್ದರು. ಒಳಗೆ ಇಡ್ಲಿ ಆರುತ್ತಿತ್ತು. ಮಾಲೀಕರು ಕೊಡೆಯ ಮೇಲೆ ಗಲ್ಲವಿಟ್ಟು ನೋಡುತ್ತಿದ್ದರು. ಯಾರೂ ಹೋಗುತ್ತಲೂ ಇರಲಿಲ್ಲ, ಬರುತ್ತಲೂ ಇರಲಿಲ್ಲ.

ಆಗ ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು. ನಾಲ್ಕು ವರ್ಷದಲ್ಲಿ ಗಿರಾಕಿಗಳ ಮುಂದೆ ಅವಳು ಹಾಗೆ ಬಂದದ್ದು ಅದೇ ಮೊದಲು. ಸೆರಗಿಗೆ ಕೈ ಒರೆಸಿಕೊಂಡಳು.

"ರುದ್ರ, ಬೋಣಿ ಅಂದ್ರೆ ಏನೋ?"

"ಮೊದಲ್ನೇ ವ್ಯಾಪಾರ."

"ತಿಂದಿದ್ದು ವ್ಯಾಪಾರನೋ, ದುಡ್ಡು ಕೊಟ್ಟಿದ್ದು ವ್ಯಾಪಾರನೋ?"

ಅಣ್ಣ ಯೋಚಿಸಿದ. "ಕೊಟ್ಟಿದ್ದು."

"ನಮ್ಮಲ್ಲಿ ತಿಂದಾದ ಮ್ಯಾಲೆ ತಾನೆ ಕೊಡೋದು? ಅಲ್ಲೀತನಕ ಬೋಣಿ ಪ್ರಶ್ನೆನೇ ಇಲ್ಲ. ಎರಡು ತಿಂಗಳಿಂದ ಊರನ್ನ ಸುಮ್ಸುಮ್ನೆ ಉಪವಾಸ ಕೆಡವೀಯ. ಸರಿ ಅತ್ಲಾಗೆ."

ಅವಳು ಬೆಂಚಿನ ಒಂದು ತುದಿ ಎತ್ತಿದಳು. ಇನ್ನೊಂದು ತುದಿಯನ್ನು, ಯಾರೂ ಹೇಳದಿದ್ದರೂ, ನಾನು ಎತ್ತಿದೆ.

ಜನ ನುಗ್ಗಿದರು. ಬೀರಲಿಂಗಣ್ಣ ಅಜ್ಜಮ್ಮನ ಪಕ್ಕ, ತಿಪ್ಪೇಶನ ಎದುರು ಕೂತರು. ತಟ್ಟೆಗಳು ಒಟ್ಟಿಗೇ ಬಂದವು. ಯಾರ ಗಂಟಲನ್ನೂ ಯಾರೂ ನೋಡಲಿಲ್ಲ. ಒಂದು ಕ್ಷಣ ಬರೀ ಅಗಿಯುವ ಸದ್ದು. ಆಮೇಲೆ ಅಜ್ಜಮ್ಮ ತಲೆಯೆತ್ತಿದಳು.

"ಇದೇನೇ ತಾಯಿ, ಉಪ್ಪೇ ಇಲ್ಲ!"

"ಖಾರನೂ ಇಲ್ಲ," ಎಂದ ತಿಪ್ಪೇಶ. "ಬೀರಣ್ಣನ ಡಾಕ್ಟ್ರು ನಮಗೂ ಡಾಕ್ಟ್ರು."

"ನಾನು ಉಪ್ಪು ಬ್ಯಾಡ ಅಂತ ಯಾರಿಗೆ ಹೇಳೀನಿ?" ಎಂದರು ಬೀರಲಿಂಗಣ್ಣ. "ನಾನೂ ಮನೇಲಿ ಉಪ್ಪಿನಕಾಯಿ ಹಚ್ಕಂಡೇ ತಿನ್ನೋದು."

ಇಡೀ ಹೋಟೆಲು ನಕ್ಕಿತು. ಅಕ್ಕ ಉಪ್ಪಿನ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಕುಕ್ಕಿದಳು. ಅದು ಕೈಯಿಂದ ಕೈಗೆ ದಾಟಿತು.

ಅಣ್ಣ ಮಾತ್ರ ಗಲ್ಲಾದಲ್ಲಿ ಬಿಗಿದು ಕೂತಿದ್ದ. ತಿನ್ನುವುದು ಹೇಗಾದರೂ ಆಗಲಿ, ಕೊಡುವುದಾದರೂ ಬೀರಲಿಂಗಣ್ಣನದೇ ಮೊದಲಾಗಬೇಕು. ಆದರೆ ಅವರು ಅಂದು ಬಹಳ ನಿಧಾನವಾಗಿ ತಿಂದರು. ಅಜ್ಜಮ್ಮನಿಗೆ ಸೊಪ್ಪಿನ ಬೆಳೆಯ ಬಗ್ಗೆ ಏನೋ ಕೇಳಿದರು, ಅವಳ ಉತ್ತರ ಮುಗಿಯುವ ತನಕ ತುತ್ತು ಎತ್ತಲಿಲ್ಲ. ಅಷ್ಟರಲ್ಲಿ ಉಳಿದವರು ಎದ್ದರು. ಶಿವಮೊಗ್ಗದ ಬಸ್ಸು ಹಾರ್ನ್ ಹೊಡೆಯಿತು.

"ತಡೀರಿ, ಒಂದ್ನಿಮಿಷ ತಡೀರಿ!" ಎಂದ ಅಣ್ಣ, ಗಲ್ಲಾ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು. ಯಾರೂ ತಡೆಯಲಿಲ್ಲ. ಗೋಡೆಗೆ ಅಂಟಿಸಿದ ಕ್ಯೂಆರ್ ಚೌಕಕ್ಕೆ ಹತ್ತಾರು ಫೋನುಗಳು ಒಟ್ಟಿಗೆ ಚಾಚಿದವು. ಹಣ ಬಂದದ್ದನ್ನು ಕೂಗಿ ಹೇಳುವ ಸಣ್ಣ ಪೆಟ್ಟಿಗೆ, ಎರಡು ತಿಂಗಳಿಂದ ಹೆಚ್ಚು ಹೊತ್ತು ಮಲಗಿಯೇ ಇದ್ದದ್ದು, ಒಮ್ಮೆಲೇ ಹೆಂಗಸಿನ ದನಿಯಲ್ಲಿ ಕೂಗತೊಡಗಿತು. ಅಣ್ಣ ಅದರ ಮೇಲೆ ಟವೆಲ್ ಎಸೆದ. ಟವೆಲಿನೊಳಗಿಂದಲೇ ಕೂಗಿತು. ಅದನ್ನು ಎದೆಗೆ ಅವುಚಿಕೊಂಡು ಮೂಲೆಗೆ ತಿರುಗಿದ. ಅವನ ಎದೆಯೊಳಗಿಂದ ಕೂಗಿತು. ಉಳಿದವರು ನೋಟುಗಳನ್ನು ಅವನ ಜೇಬಿಗೆ, ಕಾಲರಿಗೆ ಸಿಕ್ಕಿಸಿ ಬಸ್ಸಿಗೆ ಓಡಿದರು.

"ಯಾರ್ದೋ ಮೊದ್ಲು?" ಅಣ್ಣ ನನ್ನ ತೋಳು ಹಿಡಿದ. "ನೋಡಿದ್ಯಾ? ಯಾರ್ದು ಮೊದ್ಲು?"

ನನಗೆ ಗೊತ್ತಿರಲಿಲ್ಲ. ಈ ಸಲ ಅದು ಮೌನವಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. "ಯಾರಿಗ್ಗೊತ್ತು ಅಣ್ಣ," ಎಂದು ಗಟ್ಟಿಯಾಗಿಯೇ ಹೇಳಿದೆ. "ಎಲ್ರದೂ."

ವಿರೂಪಾಕ್ಷಪ್ಪನವರು ಕೈ ತೊಳೆದು ಬಂದು ಅಕ್ಕನ ಮುಂದೆ ನಿಂತರು. "ಉಪ್ಪು ಹಾಕ್ಕಂಡು ತಿಂದ್ರೆ ಪರವಾಗಿಲ್ಲಮ್ಮ ನಿನ್ನ ಕೈ," ಎಂದರು. "ಮೊಬೈಲಿನೋರಿಗೆ ಯುಗಾದಿ ತನಕ ತಡೀರಿ ಅಂತೀನಿ. ಆಮ್ಯಾಲಿನ ಮಾತು ಆಮ್ಯಾಲೆ." ಅದು ಹೋಟೆಲು ಉಳಿಸಿಕೊಟ್ಟ ಮಾತೇನಲ್ಲ. ಐದು ತಿಂಗಳು ಅಷ್ಟೆ. ಅವರು ಹೋದ ಮೇಲೆ ಬೀರಲಿಂಗಣ್ಣ ಎದ್ದು, ತಟ್ಟೆಯನ್ನು ತೊಳೆಯಲು ಎತ್ತಿಕೊಂಡರು. ಅಕ್ಕ ಅದನ್ನು ಅವರ ಕೈಯಿಂದ ತೆಗೆದುಕೊಂಡಳು.

ಮಧ್ಯಾಹ್ನ, ಜನ ಕರಗಿದ ಮೇಲೆ, ಅಕ್ಕ ನಾಳೆಗೆ ಅಕ್ಕಿ ನೆನೆಹಾಕಲು ಕೂತಳು. ಅಣ್ಣ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ.

"ಎಷ್ಟು ಹಾಕ್ಲೋ?" ಎಂದು ಕೇಳಿದಳು.

ಹಬ್ಬ ಕಳೆದರೆ ಎದುರು ಹೋಟೆಲು ತೆರೆಯುತ್ತದೆ. ನಾಳೆ ಸಂತೆಯೂ ಇರುವುದಿಲ್ಲ. ಅಣ್ಣನಿಗೂ ಅದು ಗೊತ್ತಿತ್ತು, ನನಗೂ. ಅಕ್ಕ ತಾನೇ ಸೇರು ತುಂಬಿ ತುಂಬಿ ಪಾತ್ರೆಗೆ ಸುರಿದಳು. ಎಂದಿನ ಅಳತೆ ಮುಗಿಯಿತು. ಅವಳ ಕೈ ಮತ್ತೆ ಮೂಟೆಯೊಳಗೆ ಇಳಿಯಿತು.